ಹೇಳದೆಯೂ ಮಾಡುವವರು

ಪ್ರಶ್ನೆ: ಒಂದೇ ಆಫೀಸಿನಲ್ಲಿ ಕೆಲವರು ತಾವಾಗಿಯೇ ಮುಂದೆ ಬಿದ್ದು ಕೆಲಸ ಮಾಡುತ್ತಾರೆ, ಕೆಲವರು ಹೇಳಿದಷ್ಟೇ ಮಾಡುತ್ತಾರೆ. ಇದು ಹುಟ್ಟುಗುಣವೇ?

ಉತ್ತರ: ಸ್ವಭಾವದ ಪಾಲು ಖಂಡಿತ ಇದೆ. ಆದರೆ ಹುಟ್ಟುಗುಣದ ಮೇಲೆ ಎಲ್ಲವನ್ನೂ ಹಾಕುವುದು ಮೇಲಧಿಕಾರಿಗಳಿಗೆ ಬಲು ಅನುಕೂಲದ ವಾದ!

ಜರ್ಮನಿ 1990ರಲ್ಲಿ ಒಂದಾದ ಮೇಲೆ ಮನಶ್ಶಾಸ್ತ್ರಜ್ಞ ಮೈಕೆಲ್ ಫ್ರೇಸೆ ಮತ್ತು ಸಂಗಡಿಗರು ಪೂರ್ವ, ಪಶ್ಚಿಮ ಭಾಗಗಳ ನೌಕರರನ್ನು ಹೋಲಿಸಿ ನೋಡಿದರು. ಸಂದರ್ಶನದಲ್ಲಿ ಅವರ ಪಟ್ಟು ಸ್ವಾರಸ್ಯಕರ: ಕೆಲಸದಲ್ಲಿ ಒಂದು ತೊಡಕು ಬಂದರೆ ಏನು ಮಾಡುತ್ತೀರಿ ಎಂದು ಕೇಳುವುದು, ಉತ್ತರ ಬಂದೊಡನೆ, ಅದು ಆಗಲಿಲ್ಲ ಅಂದುಕೊಳ್ಳಿ, ಆಗ? ಹೀಗೆ ಅಡ್ಡಿಯ ಮೇಲೆ ಅಡ್ಡಿ ಒಡ್ಡುತ್ತ, ಯಾರು ಎಷ್ಟು ಬೇಗ ಕೈಚೆಲ್ಲುತ್ತಾರೆ ಎಂದು ಅಳೆದರು. 1996ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪೂರ್ವದವರು ಹಿಂದಿದ್ದರು. ರಕ್ತ, ಭಾಷೆ ಎರಡೂ ಒಂದೇ. ಬೇರೆಯಾಗಿದ್ದದ್ದು ಕೆಲಸದ ರೀತಿ. ಪ್ರತಿಯೊಂದಕ್ಕೂ ಮೇಲಿನಿಂದ ಅಪ್ಪಣೆ ಬರಬೇಕಿದ್ದ ಪೂರ್ವದ ವ್ಯವಸ್ಥೆಯಲ್ಲಿ ಸ್ವಂತ ತೀರ್ಮಾನಕ್ಕೆ ಜಾಗ ಕಡಿಮೆಯಿತ್ತು. ಕೆಲಸದ ಮೇಲೆ ಹಿಡಿತ, ತಲೆಗೆ ಕೆಲಸ ಕೊಡುವಷ್ಟು ಸಂಕೀರ್ಣತೆ ಇದ್ದ ಕಡೆ ಮುತುವರ್ಜಿಯೂ ಹೆಚ್ಚಿತ್ತು.

ಮುತುವರ್ಜಿಯನ್ನು ಕಲಿಸಲೂ ಬರುತ್ತದೆ. ಆಫ್ರಿಕಾದ ಟೋಗೋದಲ್ಲಿ 1,500 ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಮುತುವರ್ಜಿಯ ತರಬೇತಿ ಪಡೆದವರ ಲಾಭ ಸುಮಾರು ಶೇ. 30ರಷ್ಟು ಏರಿತು. ಲೆಕ್ಕಪತ್ರದಂಥ ಮಾಮೂಲಿ ತರಬೇತಿ ಪಡೆದವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಹಾಗಾಗಿ ನಿಮ್ಮ ಸಹೋದ್ಯೋಗಿಯನ್ನು ಸೋಮಾರಿ ಎನ್ನುವ ಮೊದಲು, ಆತನಿಗೆ ಸ್ವಂತವಾಗಿ ನಿರ್ಧರಿಸಲು ಏನೇನು ಬಿಟ್ಟಿದ್ದಾರೆ ಎಂದು ವಿಚಾರಿಸಿ.