ನಿಮಗಿದು ಗೊತ್ತೆ? ಪಕ್ಕಾಸಿಗೆ ಗೇರೆಣ್ಣೆ, ಪೈಪಿಗೆ ಪ್ರೈಮರ್

ಚಾರ್ಮಾಡಿ ಘಾಟಿಯ ಬುಡದ ಕಕ್ಕಿಂಜೆಯ ಕಡೆ ಮನೆಯೊಳಗೆ ಕಣ್ಣಿಗೆ ಕಾಣುವ ಮರವೆಂದರೆ ಹಂಚಿನಡಿಯ ಪಕ್ಕಾಸು, ರೀಪು, ಅಟ್ಟದ ಜಂತಿ. ಕರಾವಳಿಯಲ್ಲಿ ಇವಕ್ಕೆ ಹಿಂದಿನಿಂದಲೂ ಬಳಿಯುತ್ತಿದ್ದುದು ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ಬರುವ ಈ ಕಪ್ಪುಗಂದು ದ್ರವದಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್, ಕಾರ್ಡನಾಲ್ ಎಂಬ ಫೀನಾಲ್ ಜಾತಿಯ ರಾಸಾಯನಿಕಗಳಿವೆ. ಗೆದ್ದಲಿಗೆ ಇದು ಆಗದು. ನಮ್ಮ ಚರ್ಮಕ್ಕೂ ಆಗದು, ತಾಗಿದರೆ ಬೊಕ್ಕೆ ಏಳುತ್ತದೆ. ತಲೆಯ ಮೇಲಿನ ಜಂತಿಗೆ ಬಳಿಯುವಾಗ ಹನಿ ಬೀಳುವುದು ಖಂಡಿತ, ಹಾಗಾಗಿ ಕನ್ನಡಕ, ಕೈಗವಸು ಬೇಕೇ ಬೇಕು. ಅಂದಹಾಗೆ, ಇದೇ ಎಣ್ಣೆ ಸಂಸ್ಕರಣೆಗೊಂಡು ವಾಹನಗಳ ಬ್ರೇಕ್ ಲೈನಿಂಗ್‌ಗೂ ಹೋಗುತ್ತದೆ.

ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಬಣ್ಣ ಬಳಿಯುವುದು ಬೇರೆ ಕತೆ. ಅದರ ಮೇಲ್ಮೈಯ ಸತು, ಸಾಮಾನ್ಯ ಆಯಿಲ್ ಪೇಂಟಿನೊಂದಿಗೆ ಸೇರಿ ಒಂದು ಬಗೆಯ ಸಾಬೂನಾಗುತ್ತದೆ. ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ. ಪೇಂಟರನ್ನು ಬೈಯುವ ಮೊದಲು, ಸತುವಿಗೆ ಹೊಂದುವ ಪ್ರೈಮರ್ ತಂದುಕೊಟ್ಟಿದ್ದೀರಾ ನೋಡಿ. ಮಳೆಗಾಲದಲ್ಲಿ ತಣ್ಣೀರಿನ ಪೈಪು ಬೆವರುತ್ತದೆ. ಒರೆಸಿ ಒಣಗಿಸದೆ ಬ್ರಶ್ ಇಟ್ಟರೆ ಎಂಥ ಪ್ರೈಮರೂ ನಿಲ್ಲದು.