ಸೈದಾಪೇಟೆಯ ಮೆಟ್ಟಿಲ ಕೆಳಗೆ ಮೈಸೂರಿನ ಜಾವಾ
ನೆರೆಯಲ್ಲಿ ಮುಳುಗಿದ ಅಪ್ಪನ ಬೈಕಿಗೆ ಮನೆಯಲ್ಲೇ ಮರುಜೀವ

ಚೆನ್ನೈ: 2015ರ ಡಿಸೆಂಬರ್ 2ರ ಬೆಳಗ್ಗೆ ಸೈದಾಪೇಟೆಯ ನಮ್ಮ ಬೀದಿಯಲ್ಲಿ ಅಡ್ಯಾರ್ ನದಿಯ ನೀರು ಎದೆಮಟ್ಟಕ್ಕೆ ನಿಂತಿತ್ತು. ಹಿಂದಿನ ರಾತ್ರಿಯೇ ಅಮ್ಮನನ್ನು ಮೇಲಿನ ಮಹಡಿಗೆ ಕರೆದೊಯ್ದಿದ್ದೆವು. ಗ್ಯಾಸ್ ಸಿಲಿಂಡರ್, ಅಕ್ಕಿ ಡಬ್ಬ, ದೇವರ ಪಟಗಳೂ ಮೇಲೆ ಬಂದಿದ್ದವು. ಮೆಟ್ಟಿಲ ಕೆಳಗೆ ನಿಂತಿದ್ದ ಅಪ್ಪನ ಜಾವಾ ಮಾತ್ರ ಅಲ್ಲೇ ಉಳಿಯಿತು. ನೀರು ಇಳಿದ ಮೇಲೆ ನೋಡಿದರೆ ಹೆಡ್‌ಲೈಟಿನ ಗಾಜಿನೊಳಗೂ ಕೆಸರು, ಎರಡು ಸೈಲೆನ್ಸರ್‌ಗಳ ತುಂಬ ಕೆಸರು.

ಆ ವಾರವೇ ಹಳೆಯ ಕಬ್ಬಿಣದವರು ಬೀದಿ ಬೀದಿ ತಿರುಗುತ್ತಿದ್ದರು. ನಮ್ಮ ಜಾವಾಕ್ಕೂ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದರು. "ಕೊಟ್ಟುಬಿಡೋ, ಜಾಗವಾದರೂ ಆಗುತ್ತೆ" ಎಂದರು ಅಮ್ಮ. ಅಪ್ಪ ತೀರಿಕೊಂಡು ಆರು ವರ್ಷ ಆಗಿತ್ತು. ಅಷ್ಟೂ ವರ್ಷ ಆ ಬೈಕಿನ ಮೇಲೆ ಒದ್ದೆ ಟವೆಲ್ ಒಣಗಿಸಿದ್ದು ಬಿಟ್ಟರೆ ನಾವು ಅದಕ್ಕೆ ಮಾಡಿದ್ದು ಏನೂ ಇರಲಿಲ್ಲ. ಆದರೂ ತಕ್ಕಡಿಗೆ ಹಾಕಲು ಮನಸ್ಸು ಬರಲಿಲ್ಲ. ಅದನ್ನು ಮತ್ತೆ ರಸ್ತೆಗೆ ಇಳಿಸಲು ಎರಡೂವರೆ ವರ್ಷ ಹಿಡಿಯಿತು. ಆ ಅನುಭವ ಹಳೆಯ ಗಾಡಿ ಇಟ್ಟುಕೊಂಡ ನಮ್ಮವರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿಗೆ ಜಾವಾ, ಮದ್ರಾಸಿಗೆ ಬುಲೆಟ್

ನಮ್ಮ ಎರಡು ಊರುಗಳಿಗೂ ಒಂದೊಂದು ಬೈಕು ಸೇರಿದೆ. ಮದ್ರಾಸಿನದು ಬುಲೆಟ್. 1955ರಲ್ಲಿ ಇಂಗ್ಲೆಂಡಿನ ಕಂಪನಿಯ ಜತೆ ಮದ್ರಾಸ್ ಮೋಟಾರ್ಸ್ ಸೇರಿ ಎನ್‌ಫೀಲ್ಡ್ ಇಂಡಿಯಾ ಆರಂಭವಾಯಿತು. ತಿರುವೊಟ್ಟಿಯೂರಿನ ಕಾರ್ಖಾನೆ ಇಲ್ಲಿನವರಿಗೆಲ್ಲ ಗೊತ್ತು. ಇಂಗ್ಲೆಂಡಿನಲ್ಲಿ ತಯಾರಿಕೆ ನಿಂತುಹೋದ ಮೇಲೂ ಇಲ್ಲಿ ಬುಲೆಟ್ ಬರುತ್ತಲೇ ಇತ್ತು.

ಮೈಸೂರಿನದು ಜಾವಾ. ಮೂಲ ಚೆಕ್ ದೇಶದ್ದು. ಫ್ರಾಂಟಿಶೆಕ್ ಯಾನೆಚೆಕ್ ಅವರು 1929ರಲ್ಲಿ ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಪಡೆದು ಶುರು ಮಾಡಿದ ಕಂಪನಿ ಅದು. ಎರಡು ಹೆಸರುಗಳ ಮೊದಲಕ್ಷರಗಳು ಸೇರಿ 'ಜಾವಾ' ಆಯಿತು. ಭಾರತದಲ್ಲಿ ಅದನ್ನು ತಯಾರಿಸಲು ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ ಯಾದವಗಿರಿಯಲ್ಲಿ ಕಾರ್ಖಾನೆ ಹಾಕಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1973ರ ಸುಮಾರಿಗೆ ಹೆಸರು 'ಯೆಜ್ದಿ' ಎಂದು ಬದಲಾಯಿತು. ಇರಾನಿನ ಯಜ್ದ್ ನಗರದ ನೆನಪಿನ ಹೆಸರದು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಅಪ್ಪ ಕೊಂಡದ್ದು 1968ರ ಜಾವಾ 250. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ನೋಡಿದವರು ಎರಡು ಸಿಲಿಂಡರ್ ಎಂದೇ ತಿಳಿಯುತ್ತಾರೆ. ಕಿಕ್ಕರೂ ಗೇರ್ ಲಿವರೂ ಒಂದೇ. ಅದನ್ನು ಮೇಲಕ್ಕೆ ತಿರುಗಿಸಿ ಒದ್ದರೆ ಕಿಕ್ಕರ್, ಮುಂದಕ್ಕೆ ಇಳಿಸಿದರೆ ಗೇರ್. 1976ರಲ್ಲಿ ಮದ್ರಾಸಿಗೆ ವರ್ಗವಾದಾಗ ಅಪ್ಪ ಅದನ್ನು ರೈಲಿನಲ್ಲಿ ಹಾಕಿಸಿಕೊಂಡು ಬಂದರು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕು. ಹಾಗೆ 'ಎಂವೈ' ಅಕ್ಷರಗಳ ಮೈಸೂರು ನಂಬರ್ ಹೋಯಿತು. ಅಪ್ಪನಿಗೆ ಅದು ಬಹಳ ಬೇಸರದ ವಿಷಯ. ಹಳೆಯ ನಂಬರನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಬದಿಯಲ್ಲಿ ಬಿಳಿ ಪೇಂಟಿನಿಂದ ಕನ್ನಡ ಅಂಕಿಗಳಲ್ಲಿ ತಾವೇ ಬರೆದಿಟ್ಟುಕೊಂಡರು. ಪೊಲೀಸರಿಗೆ ಕಾಣುವುದಿಲ್ಲ, ನನಗೆ ಕಾಣುತ್ತದಲ್ಲ ಎನ್ನುತ್ತಿದ್ದರು.

ಬಿಚ್ಚುವುದು ಒಂದು ದಿನ, ಜೋಡಿಸುವುದು ಒಂದು ವರ್ಷ

ನೆರೆನೀರು ಹೊಕ್ಕ ಎಂಜಿನನ್ನು ಕೂಡಲೇ ಬಿಚ್ಚಬೇಕು. ನಾನು ಎರಡು ತಿಂಗಳು ತಡ ಮಾಡಿದೆ. ಮನೆ ತೊಳೆಯುವುದು, ಗೋಡೆಗೆ ಸುಣ್ಣ ಹೊಡೆಸುವುದೇ ದೊಡ್ಡ ಕೆಲಸವಾಗಿತ್ತು. ಅಷ್ಟರಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಗೇರ್ ಬಾಕ್ಸಿನಿಂದ ಬಂದ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿತ್ತು. ಎಣ್ಣೆಗೆ ನೀರು ಸೇರಿದೆ ಎನ್ನಲು ಬೇರೆ ಸಾಕ್ಷಿ ಬೇಡ.

ಇಂಥ ಗಾಡಿಯನ್ನು ಒದ್ದು ಸ್ಟಾರ್ಟ್ ಮಾಡಲು ಹೋಗಬಾರದು. ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನಿಂದ ಡೀಸೆಲ್ಲೂ ಎಂಜಿನ್ ಆಯಿಲ್ಲೂ ಬೆರೆಸಿ ಸುರಿದು ಹತ್ತು ದಿನ ಬಿಟ್ಟೆ. ಆಮೇಲೆ ಹೆಡ್ ಬಿಚ್ಚಿ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದಾಗ ಪಿಸ್ಟನ್ ಅಲುಗಿತು. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ತೆಗೆದುಕೊಂಡೆ. ನಟ್ಟು ಬೋಲ್ಟುಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆ. ಮೊದಲ ದಿನ ಚೀಟಿ ಅಂಟಿಸದ ಒಂದು ಬಾಟಲಿಯ ಬೋಲ್ಟುಗಳು ಯಾವುದರವು ಎಂದು ಕಂಡುಹಿಡಿಯಲು ಒಂದು ತಿಂಗಳು ಬೇಕಾಯಿತು.

ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ವಿನೆಗರ್ ತುಂಬಿಸಿ, ಒಂದು ಹಿಡಿ ಸಣ್ಣ ಜಲ್ಲಿ ಹಾಕಿ, ದಿನಕ್ಕೆ ಎರಡು ಸಲ ಕುಲುಕಿದೆ. ಹುಣಸೆ ಹುಳಿ ಹಾಕಿ ತಂಬಿಗೆ ಉಜ್ಜುವ ಉಪಾಯವೇ ಇದು. ಒಂದು ವಾರದ ಬಳಿಕ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಳಗೆಲ್ಲ ಎಣ್ಣೆ ಹಿಡಿಸಿದೆ. ಒಣಗಿಸದೆ ಬಿಟ್ಟರೆ ಈ ಊರಿನ ಉಪ್ಪುಗಾಳಿಗೆ ಎರಡೇ ದಿನದಲ್ಲಿ ಮತ್ತೆ ತುಕ್ಕು.

ಮನೆಯಲ್ಲೇ ರಿಪೇರಿ ಎಂದರೆ ಎಲ್ಲವೂ ಮನೆಯಲ್ಲೇ ಎಂದಲ್ಲ. ಸಿಲಿಂಡರ್ ಬೋರ್ ಮಾಡುವುದು, ಕ್ರ್ಯಾಂಕಿನ ಬೇರಿಂಗ್ ಬದಲಿಸಿ ಪ್ರೆಸ್ ಮಾಡುವುದು, ವೆಲ್ಡಿಂಗ್, ಪ್ಲೇಟಿಂಗ್ ಇವೆಲ್ಲ ಲೇತ್ ಮತ್ತು ವರ್ಕ್‌ಶಾಪಿನವರ ಕೆಲಸ. ಪೆಟ್ರೋಲ್ ವಾಸನೆ ಇರುವ ಟ್ಯಾಂಕಿಗೆ ಮನೆಯಲ್ಲಿ ಬೆಂಕಿ ತೋರಿಸುವ ಸಾಹಸ ಯಾರೂ ಮಾಡಬಾರದು.

ಪುದುಪೇಟೆಯ ಗುರುಗಳು

ಬಿಡಿಭಾಗ ಬೇಕಾದರೆ ಚೆನ್ನೈನಲ್ಲಿ ಎಲ್ಲರೂ ಹೋಗುವುದು ಎಗ್ಮೋರ್ ಪಕ್ಕದ ಪುದುಪೇಟೆಗೆ. ಅಲ್ಲಿ ಬುಲೆಟ್ ಸಾಮಾನು ಕೇಳಿದರೆ ಹತ್ತು ಕೈ ಮುಂದೆ ಬರುತ್ತವೆ. ಜಾವಾ ಎಂದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. 2018ರಲ್ಲಿ ಜಾವಾ ಹೆಸರಿನ ಹೊಸ ಬೈಕು ಬಂದಾಗ ಇನ್ನು ಸಾಮಾನು ಸಿಗುತ್ತದೆ ಎಂದು ಹಲವರು ನನಗೆ ಹೇಳಿದರು. ಅದು 293 ಸಿಸಿಯ, ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ನಮ್ಮದು ಟೂ ಸ್ಟ್ರೋಕ್. ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ.

ನಾಲ್ಕನೇ ಸಲ ಹೋದಾಗ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ನಾನು 'ಅಣ್ಣೇ' ಎಂದರೆ ಅವರು 'ಸಾರ್' ಎನ್ನುತ್ತಿದ್ದರು. ಆಮೇಲೆ ಅವರೂ 'ತಂಬಿ' ಎನ್ನತೊಡಗಿದರು. ನಾನು ಒಯ್ದಿದ್ದ ಎಂಜಿನನ್ನು ನೋಡಿ ಅವರು ಮೊದಲು ಕೇಳಿದ್ದು ಪಿಸ್ಟನ್ನಿನ ಬಗ್ಗೆ ಅಲ್ಲ, ಆಯಿಲ್ ಸೀಲ್ ಬಗ್ಗೆ. ಟೂ ಸ್ಟ್ರೋಕ್ ಎಂಜಿನಿನಲ್ಲಿ ಪೆಟ್ರೋಲೂ ಗಾಳಿಯೂ ಕ್ರ್ಯಾಂಕ್ ಇರುವ ಕೋಣೆಯ ಮೂಲಕವೇ ಮೇಲೆ ಹೋಗಬೇಕು. ಸೀಲ್ ಗಟ್ಟಿಯಾಗಿ ಸಂದು ಬಿಟ್ಟರೆ ಹೊರಗಿನ ಗಾಳಿ ಸೇರಿ ಎಂಜಿನ್ ಬಿಸಿಯಾಗುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ನಿಲ್ಲುವುದಿಲ್ಲ. ಅಗ್ಗದ ರಬ್ಬರ್ ತುಂಡನ್ನು ಮರೆತು ದುಬಾರಿ ಪಿಸ್ಟನ್ ಹಾಕುವವರೇ ಹೆಚ್ಚು ಎಂದು ನಕ್ಕರು.

ನಾನು ಮಾಡಿದ ತಪ್ಪು

ಎಂಜಿನ್ ಕೆಲಸ ಮುಗಿಯುತ್ತಾ ಬಂದಂತೆ ನನಗೆ ಹೊಸತನದ ಹುಚ್ಚು ಹಿಡಿಯಿತು. ಗಾಡಿ ಶೋರೂಮಿನಿಂದ ಬಂದ ಹಾಗೆ ಹೊಳೆಯಬೇಕು! ಟ್ಯಾಂಕು, ಮಡ್‌ಗಾರ್ಡು, ಟೂಲ್ ಬಾಕ್ಸು ಎಲ್ಲವನ್ನೂ ಒಟ್ಟಿಗೆ ಪೇಂಟಿಗೆ ಕೊಟ್ಟೆ. ವಾರದ ನಂತರ ತಂದು ಅಮ್ಮನಿಗೆ ತೋರಿಸಿದೆ. ಅಮ್ಮ ಮರೂನ್ ಬಣ್ಣ ಮೆಚ್ಚಿಕೊಂಡರು. ಆಮೇಲೆ ಟೂಲ್ ಬಾಕ್ಸಿನ ಮುಚ್ಚಳ ತೆಗೆದು ಒಳಗೆ ನೋಡಿದರು. ಒಳಬದಿಯೂ ಮರೂನ್. ಅಪ್ಪನ ಕೈಬರಹ ಉಪ್ಪುಕಾಗದಕ್ಕೆ ಸವೆದು ಹೋಗಿತ್ತು. ಪೇಂಟಿನವರ ತಪ್ಪಲ್ಲ. ಅದನ್ನು ಬಿಡಿ ಎಂದು ನಾನು ಹೇಳಿರಲಿಲ್ಲ. ತೆಗೆದ ನೂರಾರು ಫೋಟೋಗಳಲ್ಲಿ ಆ ಮುಚ್ಚಳದ ಒಳಬದಿಯದು ಒಂದೂ ಇರಲಿಲ್ಲ.

ಅಮ್ಮ ಬೈಯಲಿಲ್ಲ. ಆ ತಿಂಗಳು ನನಗೆ ಗಾಡಿಯ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಆ ಮೇಲೆ ಯಾವ ಭಾಗವನ್ನೂ ಸುಮ್ಮನೆ ಹೊಸದು ಮಾಡಿಲ್ಲ. ಸೀಟಿನ ಹಳೆಯ ಚೌಕಟ್ಟು, ಗೀರು ಬಿದ್ದ ಸ್ಪೀಡೋಮೀಟರ್ ಗಾಜು, ಸವೆದ ಮೊಣಕಾಲು ರಬ್ಬರ್ ಹಾಗೆಯೇ ಇವೆ. ಕೆಟ್ಟದ್ದನ್ನು ಸರಿ ಮಾಡಬೇಕು, ಹಳೆಯದಾದದ್ದನ್ನು ಅಳಿಸಬಾರದು. ಎರಡಕ್ಕೂ ವ್ಯತ್ಯಾಸವಿದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಕಾಗದಪತ್ರ ಎಂಬ ಎರಡನೇ ಎಂಜಿನ್

ಆರ್‌ಸಿ ಪುಸ್ತಕ ಕೆಳಮನೆಯ ಟ್ರಂಕಿನಲ್ಲಿ ನೆನೆದು ಮುದ್ದೆಯಾಗಿತ್ತು. ಅದೃಷ್ಟಕ್ಕೆ ಅದರ ಜೆರಾಕ್ಸ್ ಮೈಸೂರಿನ ಚಿಕ್ಕಪ್ಪನ ಮನೆಯಲ್ಲಿ ಇನ್ಶೂರೆನ್ಸ್ ಕಾಗದಗಳ ನಡುವೆ ಸಿಕ್ಕಿತು. ಒಂದು ಕಚೇರಿಯಲ್ಲಿ ಹಳೆಯ ರಿಜಿಸ್ಟರ್ ಸಿಗುತ್ತಿಲ್ಲ ಎಂದು ಐದು ಸಲ ತಿರುಗಿಸಿದರು. ಆ ಜೆರಾಕ್ಸ್ ಇಲ್ಲದಿದ್ದರೆ ಆರನೆಯ ಸಲವೂ ಬರಿಗೈಯೇ.

ನಮ್ಮವರ ಗಮನಕ್ಕೆ ಕೆಲವು ವಿಷಯ. ಆರ್‌ಸಿ ಕಳೆದಿದ್ದರೆ ನಕಲಿಗೆ ಫಾರಂ 26. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31, ಅದಕ್ಕೆ ಮೂರು ತಿಂಗಳ ಗಡುವು ಇದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಫಾರಂ 25, ಬಳಿಕ ಐದೈದು ವರ್ಷಕ್ಕೊಮ್ಮೆ. ಕರ್ನಾಟಕದಿಂದ ಗಾಡಿ ತರುವವರು ಅಲ್ಲಿನ ಎನ್‌ಒಸಿಗೆ ಫಾರಂ 28 ಹಾಕಬೇಕು. ಐವತ್ತು ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ನಿಯಮ ತಂದಿದೆ. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನಾ ತರಕಾರಿಗೆ ಹೋಗಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ನಾನೂ ಹಾಗೆಯೇ ಮಾಡಿದ್ದೇನೆ.

ಒಂದು ಲೀಟರಿಗೆ ಎಷ್ಟು ಎಣ್ಣೆ?

2018ರ ಜೂನ್‌ನ ಒಂದು ಭಾನುವಾರ ಎಲ್ಲ ಜೋಡಿಸಿ ಆಯಿತು. ಹೊಸ ಆರು ವೋಲ್ಟ್ ಬ್ಯಾಟರಿ ಹಾಕಿದೆ. ಈ ಗಾಡಿಗೆ ಬ್ಯಾಟರಿ ಚಾರ್ಜ್ ಇಲ್ಲದಿದ್ದರೆ ಕಿಡಿಯೇ ಬರುವುದಿಲ್ಲ. ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು ಎಂದು ನಾನು ಕಾಗದದಲ್ಲಿ ಲೆಕ್ಕ ಹಾಕುತ್ತಿದ್ದರೆ, ಕುರ್ಚಿಯಲ್ಲಿ ಕುಳಿತಿದ್ದ ಅಮ್ಮ "ಲೀಟರಿಗೆ ನಲವತ್ತು ಎಂಎಲ್, ನಿಮ್ಮಪ್ಪ ಕೆಮ್ಮಿನ ಔಷಧಿ ಬಾಟಲಿಯಲ್ಲಿ ಅಳೆದು ಹಾಕುತ್ತಿದ್ದರು" ಎಂದರು. ಇಪ್ಪತ್ತೈದಕ್ಕೆ ಒಂದು, ಲೆಕ್ಕ ಸರಿಯಾಗಿತ್ತು. ಹನ್ನೊಂದನೆಯ ಒದೆತಕ್ಕೆ ಬೀದಿಯೆಲ್ಲ ನೀಲಿ ಹೊಗೆ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕರು.

ಆಗಲೇ ನನಗೆ ಹೊಳೆಯಿತು. ಎಣ್ಣೆಯ ಲೆಕ್ಕ ನೆನಪಿರುವವರಿಗೆ ನಂಬರ್ ನೆನಪಿರದೆ ಇರುತ್ತದೆಯೇ? ಕೇಳಿದೆ. ಒಂದು ಅಂಕಿಯೂ ತಡವರಿಸದೆ ಹೇಳಿದರು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡ ಮಾತು ಬರುತ್ತದೆ, ಕನ್ನಡ ಅಂಕಿ ಬರುತ್ತಿರಲಿಲ್ಲ. ಅಜ್ಜಿ ಅವಳಿಗೆ ಒಂದು ಸಂಜೆ ಕೂರಿಸಿಕೊಂಡು ಅಂಕಿ ಕಲಿಸಿದರು. ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಈಗ ಅವಳ ಕೈಬರಹ ಇದೆ. ಆರು ಸ್ವಲ್ಪ ವಾಲಿದೆ. ಅಪ್ಪನ ಬರಹ ಅದಲ್ಲ, ಆದರೆ ನಂಬರ್ ಅದೇ.

ಅದೇ ವರ್ಷ ರಾಜ್ಯೋತ್ಸವದ ದಿನ ಜಾವಾವನ್ನು ಸಂಘದ ಅಂಗಳಕ್ಕೆ ಒಯ್ದಿದ್ದೆ. ಊಟದ ಸಾಲಿನಲ್ಲಿದ್ದ ಹಿರಿಯರೊಬ್ಬರು ಸದ್ದು ಕೇಳಿ ಹತ್ತಿರ ಬಂದರು. ತರುಣರಾಗಿದ್ದಾಗ ಯಾದವಗಿರಿಯ ಕಾರ್ಖಾನೆಯಲ್ಲಿದ್ದವರಂತೆ. ತಲೆ ಬಾಗಿಸಿ ಒಂದು ನಿಮಿಷ ಕೇಳಿ, "ಪಾಯಿಂಟ್ ಗ್ಯಾಪ್ ಜಾಸ್ತಿ ಇದೆ ನೋಡಪ್ಪಾ" ಎಂದರು. ಮನೆಗೆ ಬಂದು ಅಳೆದೆ. 0.4 ಮಿಲಿಮೀಟರ್ ಇರಬೇಕಾದದ್ದು ನಿಜವಾಗಿಯೂ ಹೆಚ್ಚೇ ಇತ್ತು.

ಮನೆಯಲ್ಲಿ ಹಳೆಯ ಗಾಡಿ ಇರುವವರಲ್ಲಿ ಎರಡು ಮಾತು. ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪು, ಕಾರ್ಕ್ ವಾಷರುಗಳನ್ನು ಹಾಳು ಮಾಡುತ್ತದೆ. ಅವನ್ನು ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಖಾಲಿ ಮಾಡಿ. ಎರಡನೆಯದು, ಆ ಗಾಡಿಯನ್ನು ಓಡಿಸಿದವರು ಅಥವಾ ಅದರ ಹಿಂದಿನ ಸೀಟಿನಲ್ಲಿ ಕುಳಿತವರು ಮನೆಯಲ್ಲಿದ್ದರೆ, ಸ್ಪ್ಯಾನರ್ ಹಿಡಿಯುವ ಮೊದಲು ಒಮ್ಮೆ ಅವರ ಹತ್ತಿರ ಕುಳಿತು ಕೇಳಿ. ಆರ್‌ಸಿಯ ಜೆರಾಕ್ಸ್ ಎಲ್ಲಿದೆ ಎಂದೂ ಹಾಗೆಯೇ ಕೇಳಿಬಿಡಿ.