ಹಿಂಭಾರದ ಹಟ

ವೇಗದ ಕಾರಿನ ಎಂಜಿನ್ ಎಲ್ಲಿರಬೇಕು? ರೇಸಿನ ಲೆಕ್ಕ ಬಲ್ಲವರು ಕೊಡುವ ಉತ್ತರ ಒಂದೇ: ಚಾಲಕನ ಬೆನ್ನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಭಾರವೆಲ್ಲ ನಡುವಿಗೆ ಬಂದರೆ ಕಾರು ತಿರುವಿನಲ್ಲಿ ಚುರುಕಾಗಿ ಹೊರಳುತ್ತದೆ. ಫಾರ್ಮುಲಾ ಒನ್ ಕಾರುಗಳು 1960ರ ಹೊತ್ತಿಗೆ ಈ ದಾರಿ ಹಿಡಿದವು. 1966ರಲ್ಲಿ ಬಂದ ಲ್ಯಾಂಬೋರ್ಗಿನಿ ಮಿಯುರಾ ಶ್ರೀಮಂತ ಗಿರಾಕಿಗಳಿಗೂ ಅದರ ಮೋಹ ಹತ್ತಿಸಿತು. ಪೋರ್ಷೆ 911 ಮಾತ್ರ ಅಂದಿನಿಂದ ಇಂದಿನವರೆಗೆ ಎಂಜಿನ್ನನ್ನು ಹಿಂದಿನ ಆಕ್ಸಲ್‌ನ ಆಚೆಗೇ, ಬಂಪರ್ ಪಕ್ಕದಲ್ಲಿ, ಹೊತ್ತುಕೊಂಡು ಓಡುತ್ತಿದೆ.

ಗೊತ್ತಿಲ್ಲದೆ ಹೀಗೆ ಮಾಡಿದರು ಎನ್ನುವಂತಿಲ್ಲ. 1934ರ ಆಟೊ ಯೂನಿಯನ್ ರೇಸ್ ಕಾರಿನ 16 ಸಿಲಿಂಡರ್ ಎಂಜಿನ್ನನ್ನು ಚಾಲಕನಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಕೂರಿಸಿದ್ದು ಫರ್ಡಿನಾಂಡ್ ಪೋರ್ಷೆ. ಕಂಪನಿಯ ಹೆಸರು ಹೊತ್ತ ಮೊದಲ ಕಾರಿನ ಎಂಜಿನ್ ಕೂಡ ನಡುವೆಯೇ ಇತ್ತು. ಹಾಗಿದ್ದೂ ಅದು ಹಿಂದಕ್ಕೆ ಸರಿದದ್ದು ಏಕೆ?

ಸಾಮಿಲ್ಲಿನಲ್ಲಿ ಆದ ತೀರ್ಮಾನ

ಯುದ್ಧದ ಕೊನೆಗಾಲದಲ್ಲಿ ಪೋರ್ಷೆ ಸಂಸ್ಥೆ ಸ್ಟುಟ್‌ಗಾರ್ಟ್ ಬಿಟ್ಟು ಆಸ್ಟ್ರಿಯಾದ ಗ್ಮುಂಡ್ ಎಂಬ ಊರಿನ ಹಳೆಯ ಸಾಮಿಲ್ಲಿಗೆ ಸ್ಥಳಾಂತರಗೊಂಡಿತ್ತು. ಫರ್ಡಿನಾಂಡರ ಮಗ ಫೆರ್ರಿ ಪೋರ್ಷೆ ಅಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಬಿಡಿಭಾಗಗಳನ್ನು ಜೋಡಿಸಿ ಒಂದು ಹಗುರ ಕಾರು ಕಟ್ಟಿದರು. 1948ರ ಜೂನ್ 8ರಂದು ಅದಕ್ಕೆ ರಸ್ತೆಗಿಳಿಯಲು ಅನುಮತಿ ಸಿಕ್ಕಿತು. ಬೀಟಲ್‌ನಲ್ಲಿ ತೀರ ಹಿಂದಿದ್ದ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ತಿರುಗಿಸಿ ಕೂರಿಸಿದ್ದರಿಂದ ಈ ಕಾರಿನಲ್ಲಿ ಎಂಜಿನ್ ಮುಂದಕ್ಕೆ, ಗೇರ್‌ಬಾಕ್ಸ್ ಹಿಂದಕ್ಕೆ ಬಂದಿತ್ತು.

ಓಡಿಸಲು ಸೊಗಸಾಗಿತ್ತು, ಮಾರಲು ಕಷ್ಟವಿತ್ತು. ಸೀಟಿನ ಹಿಂದಿನ ಜಾಗವನ್ನೆಲ್ಲ ಎಂಜಿನ್ ನುಂಗಿತ್ತು. ಪೆಟ್ಟಿಗೆ ಇಡಲೂ ಎಡೆಯಿರಲಿಲ್ಲ. ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು ದುಬಾರಿಯಾಗಿತ್ತು. ಹಾಗಾಗಿ ಗಿರಾಕಿಗೆಂದು 356 ಕಾರು ತಯಾರಿಸುವಾಗ ಎಂಜಿನ್ ಮತ್ತೆ ಬೀಟಲ್‌ನಲ್ಲಿದ್ದ ಜಾಗಕ್ಕೇ ಹೋಯಿತು. ಬೀಟಲ್‌ನ ಭಾಗಗಳನ್ನು ತಿರುವುಮುರುವು ಮಾಡದೆ ಹಾಗೆಯೇ ಬಳಸಬಹುದಿತ್ತು; ಉದ್ದದ ಪ್ರೊಪೆಲ್ಲರ್ ಶಾಫ್ಟ್ ಬೇಕಿರಲಿಲ್ಲ; ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ರೇಡಿಯೇಟರ್ ಕೂಡ ಬೇಡ. ಸೀಟಿನ ಹಿಂದೆ ಸಾಮಾನಿಗೆ, ಚಿಕ್ಕ ಮಕ್ಕಳಿಗೆ ಜಾಗ ಉಳಿಯಿತು. 1965ರವರೆಗೆ ಸುಮಾರು 76 ಸಾವಿರ 356ಗಳು ತಯಾರಾದವು.

1963ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಅದರ ಉತ್ತರಾಧಿಕಾರಿ ಕಾಣಿಸಿಕೊಂಡಿತು. ಆಗ ಅದರ ಹೆಸರು 901. ನಡುವೆ ಸೊನ್ನೆಯಿರುವ ಅಂಕಿ ತನ್ನದೆಂದು ಪೆಜೋ ತಕರಾರು ತೆಗೆದ ಮೇಲೆ 911 ಆಯಿತು. ಆರು ಸಿಲಿಂಡರ್, ಎರಡು ಲೀಟರ್, 130 ಅಶ್ವಶಕ್ತಿ. ಮುಂದೆ ಇಬ್ಬರಿಗೆ, ಹಿಂದೆ ಮುದುರಿ ಕೂರುವ ಇಬ್ಬರಿಗೆ ಜಾಗ. ಎಂಜಿನ್ ನಡುವೆ ಬಂದಿದ್ದರೆ ಆ ಎರಡು ಸೀಟು ಇರುತ್ತಿರಲಿಲ್ಲ. ರೇಸಿಗೆಂದೇ ಮಾಡಿದ 550 ಸ್ಪೈಡರ್, 904ಗಳಿಗೆ ಕಂಪನಿ ನಡುವಿನ ಎಂಜಿನ್ನನ್ನೇ ಕೊಟ್ಟಿತ್ತು. ಟ್ರ್ಯಾಕಿಗೆ ಒಂದು ಲೆಕ್ಕ, ಸಂಸಾರಸ್ಥ ಗಿರಾಕಿಗೆ ಇನ್ನೊಂದು.

ವರವೂ ಅದೇ, ಶಾಪವೂ ಅದೇ

911ರ ತೂಕದಲ್ಲಿ ಹೆಚ್ಚುಕಮ್ಮಿ ಶೇ 60ರಷ್ಟು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆಕ್ಸಿಲರೇಟರ್ ತುಳಿದಾಗ ಇನ್ನಷ್ಟು ಭಾರ ಹಿಂದಕ್ಕೆ ಜಗ್ಗಿ, ಎಳೆಯುವ ಟೈರುಗಳು ನೆಲವನ್ನು ಬಿಗಿಯಾಗಿ ಕಚ್ಚುತ್ತವೆ. ಮಂಜು ಬಿದ್ದ ರಸ್ತೆಯಲ್ಲೂ ಈ ಹಿಡಿತ ಕೈಕೊಡುವುದಿಲ್ಲ. 1968ರಿಂದ 1970ರವರೆಗೆ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಸತತ ಮೂರು ಸಲ ಗೆದ್ದದ್ದು 911. ಬ್ರೇಕ್ ಹಾಕಿದಾಗಲೂ ಲಾಭವಿದೆ. ಭಾರ ಮುಂದಕ್ಕೆ ಬಾಗಿದರೂ ಹಿಂದೆ ಸಾಕಷ್ಟು ಉಳಿಯುವುದರಿಂದ ನಾಲ್ಕೂ ಟೈರುಗಳು ಕೆಲಸ ಹಂಚಿಕೊಳ್ಳುತ್ತವೆ.

ಆದರೆ ಹಿಂಭಾರವಾದ ಎತ್ತಿನ ಗಾಡಿಯ ನೊಗ ಮೇಲೇಳುವಂತೆ ಈ ಕಾರಿನ ಮೂತಿಯೂ ಹಗುರ. ತಿರುವಿಗೆ ನುಗ್ಗಿದ ಚಾಲಕ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ತಟ್ಟನೆ ಮುಂದಕ್ಕೆ ಸರಿದು ಹಿಂದಿನ ಟೈರುಗಳ ಹಿಡಿತ ಸಡಿಲುತ್ತದೆ. ಆಕ್ಸಲ್‌ನ ಆಚೆ ನೇತಾಡುವ ಎಂಜಿನ್ ಹೊರಕ್ಕೆ ಬೀಸಿ, ಕಾರು ಹಿಂದುಮುಂದಾಗಿ ನಿಲ್ಲುತ್ತದೆ. ಹೆದರಿದವನು ಸಹಜವಾಗಿ ಮಾಡುವುದೇ ಇಲ್ಲಿ ಮಾಡಬಾರದ್ದು.

ಮೊದಮೊದಲ ಮದ್ದು ಒರಟಾಗಿತ್ತು: ಮುಂದಿನ ಬಂಪರ್‌ನ ಎರಡು ಮೂಲೆಗಳಲ್ಲಿ ತಲಾ 11 ಕಿಲೊ ಕಬ್ಬಿಣದ ತುಂಡು. 1969ರ ಮಾದರಿಯಲ್ಲಿ ಎಂಜಿನ್ನನ್ನು ಇದ್ದಲ್ಲೇ ಬಿಟ್ಟು ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಒಂದೇ ದೊಡ್ಡ ಬ್ಯಾಟರಿಯ ಬದಲು ಎರಡನ್ನು ಮುಂದಿನ ಎರಡು ಮೂಲೆಗೆ ಹಂಚಿದರು. ಹಾಗಿದ್ದೂ 1974ರಲ್ಲಿ 260 ಅಶ್ವಶಕ್ತಿಯ ಟರ್ಬೊ ಬಂದಾಗ, ತಡವಾಗಿ ಬಂದು ಒಮ್ಮೆಲೇ ನುಗ್ಗುವ ಅದರ ಬಲ ಎಷ್ಟೋ ಚಾಲಕರ ಕೈ ಮೀರಿತು. ಅಗಲವಾದ ಹಿಂದಿನ ಟೈರು, 1989ರ ಕರೇರಾ 4ರ ನಾಲ್ಕು ಚಕ್ರ ಚಾಲನೆ, 1993ರಲ್ಲಿ ಬಂದ ಹೊಸ ಬಗೆಯ ಹಿಂದಿನ ಸಸ್ಪೆನ್ಷನ್, ಆಮೇಲೆ ಎಲೆಕ್ಟ್ರಾನಿಕ್ ನಿಯಂತ್ರಣ: ಒಂದೊಂದು ತಲೆಮಾರಿನ ಎಂಜಿನಿಯರೂ ಅದೇ ಗಂಟನ್ನು ಸ್ವಲ್ಪ ಸ್ವಲ್ಪ ಬಿಚ್ಚುತ್ತ ಬಂದರು.

ಗೋಡೆಗೆ ಹರಿದ ಗೆರೆ

ಇಷ್ಟೆಲ್ಲ ಪಾಡು ಬೇಡವೆಂದು ಕಂಪನಿಗೂ ಅನ್ನಿಸಿತ್ತು. 1977ರಲ್ಲಿ ಮುಂದೆ ವಿ8 ಎಂಜಿನ್ ಇರುವ 928 ಹೊರಬಂತು. 911ರ ಜಾಗ ತುಂಬುವುದು ಅದೇ ಎಂಬ ಎಣಿಕೆಯಿತ್ತು. ಗಿರಾಕಿಗಳು ಒಪ್ಪಲಿಲ್ಲ, 911 ಕೇಳುವುದನ್ನು ಬಿಡಲಿಲ್ಲ. 1981ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಜ್, ಎಂಜಿನಿಯರ್ ಹೆಲ್ಮುಟ್ ಬೋಟ್ ಅವರ ಕೋಣೆಯಲ್ಲಿ ಒಂದು ನಕ್ಷೆ ನೋಡಿದರಂತೆ. ಬೇರೆ ಕಾರುಗಳ ಗೆರೆ ಮುಂದುವರಿದಿತ್ತು, 911ರದ್ದು ಆ ವರ್ಷಕ್ಕೇ ನಿಂತಿತ್ತು. ಮಾರ್ಕರ್ ಎತ್ತಿಕೊಂಡು ಆ ಗೆರೆಯನ್ನು ಹಾಳೆ ದಾಟಿಸಿ ಗೋಡೆಯ ಮೇಲೂ ಎಳೆದೆ ಎಂದು ಶುಟ್ಜ್ ಆಮೇಲೆ ಹೇಳಿಕೊಳ್ಳುತ್ತಿದ್ದರು.

1996ರಲ್ಲಿ ನಡುವೆ ಎಂಜಿನ್ ಇರುವ ಬಾಕ್‌ಸ್ಟರ್ ಬಂತು, ಚೆನ್ನಾಗಿ ಮಾರಾಟವೂ ಆಯಿತು. ಆದರೆ ಅದು ಎರಡೇ ಸೀಟಿನ, 911ಗಿಂತ ಒಂದು ಮೆಟ್ಟಿಲು ಕೆಳಗಿನ ಕಾರಾಗಿಯೇ ಉಳಿಯಿತು. ರೇಸಿನಲ್ಲಂತೂ ಕಂಪನಿ ಹಟ ಸಡಿಲಿಸಿದೆ. ಲ ಮಾನ್‌ನಂಥ ಓಟಗಳಿಗೆಂದು ತಯಾರಾದ 2017ರ 911 ಆರ್‌ಎಸ್‌ಆರ್‌ನಲ್ಲಿ ಎಂಜಿನ್ನನ್ನು ಆಕ್ಸಲ್‌ನ ಮುಂದಕ್ಕೆ ತಂದರು. ಕಾರಿನಡಿಯ ಗಾಳಿಯನ್ನು ಹದವಾಗಿ ಹೊರಬಿಟ್ಟು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ದೊಡ್ಡ ಡಿಫ್ಯೂಸರ್ ಅನ್ನು ಹಿಂದೆ ಕೂರಿಸಲು ಬೇರೆ ದಾರಿಯಿರಲಿಲ್ಲ.

ಅಂದರೆ ಹಿಂದಿನ ಎಂಜಿನ್ ಮೇಲು ಎಂದು ಯಾರೂ ಲೆಕ್ಕ ಹಾಕಿ ಸಾಧಿಸಿದ್ದಲ್ಲ. ಬೀಟಲ್‌ನ ಬಿಡಿಭಾಗ, ಕಡಿಮೆ ಖರ್ಚು, ಹಿಂದಿನ ಸೀಟು ಅದನ್ನು ಅಲ್ಲಿ ಕೂರಿಸಿದವು. ಗಿರಾಕಿಯ ಮೋಹ ಅಲ್ಲೇ ಉಳಿಸಿತು. ಹಿಡಿತದ ಗುಣವನ್ನು ಎಂಜಿನಿಯರುಗಳು ದುಡಿಸಿಕೊಂಡರು. 2024ರಲ್ಲಿ ಬಂದ 911 ಕೂಪೆ ಎರಡೇ ಸೀಟಿನೊಂದಿಗೆ ಬರುತ್ತದೆ. ಹಿಂದಿನ ಸೀಟು ಬೇಕೆಂದವರು ಕೇಳಿ ಹಾಕಿಸಿಕೊಳ್ಳಬೇಕು, ಅದಕ್ಕೆ ಹೆಚ್ಚು ದುಡ್ಡಿಲ್ಲ. ಎಂಜಿನ್ ಹಿಂದಕ್ಕೆ ಹೋದದ್ದು ಯಾವ ಸೀಟಿಗಾಗಿಯೋ ಆ ಸೀಟೇ ಈಗ ಐಚ್ಛಿಕ. ಎಂಜಿನ್ನಿನ ಜಾಗದ ವಿಷಯದಲ್ಲಿ ಮಾತ್ರ ಗಿರಾಕಿಗೆ ಅಂಥ ಆಯ್ಕೆಯಿಲ್ಲ, ಕೇಳುವವರೂ ಇಲ್ಲ.